ಸರ್ಪಸುತ್ತು ಮಾಯುವವರೆಗೆ

ತಲೆ ಎತ್ತಬೇಡ ಎಂದು ಅವ್ವ ಬೆಳಗಿನಿಂದ ಹೇಳುತ್ತಲೇ ಇದ್ದಳು. ಶಿವಬಸವ್ವ ಎತ್ತಿಯೇಬಿಟ್ಟಳು!

ಎದುರಿಗೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದ ಹುಡುಗ ಆಗಲೇ ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದೆ ಎಂದು ಗೊತ್ತಾದ ಕೂಡಲೇ ಪಾಪ, ಮಾಳಿಗೆಯ ತೊಲೆಗಳನ್ನು ಎಣಿಸತೊಡಗಿದ. ಕಿವಿ ಮಾತ್ರ ಕೆಂಪಾಗಿತ್ತು.

'ಅಯ್ಯ ಶಿವನ... ಫೋಟೋದಾಗ ಫೌಜದಾರನಂಗ ಕಾಣತಿದ್ದರು. ಇವರಿಗೆ ನಾಚಿಕಿನೂ ಬರತೈತಿ?'

ಅವಳಿಗೆ ನಗು ತಡೆಯಲಾಗಲಿಲ್ಲ. ತುಟಿ ಕಚ್ಚಿ ಮತ್ತೆ ತಲೆ ತಗ್ಗಿಸಿದಳು. ಆ ಒಂದು ಕ್ಷಣದಲ್ಲೇ ಅವಳ ಮನಸ್ಸು ಒಪ್ಪಿಗೆ ಕೊಟ್ಟಾಗಿತ್ತು.

ಅವನು ಮಹಾಂತಯ್ಯ, ಬೈರಿದೇವರಕೊಪ್ಪದ ಹತ್ತಿ ವ್ಯಾಪಾರಿಗಳ ಮನೆಯ ಒಬ್ಬನೇ ಮಗ. ತಂದೆ ಇಲ್ಲ. ತಾಯಿ ಗುರುಸಿದ್ಧವ್ವನ ಮಾತೇ ಆ ಮನೆಯಲ್ಲಿ ಕೊನೆಯದು. ಇವಳು ಕೆಲಗೇರಿಯ ಶಾಂತಯ್ಯನವರ ಹಿರಿಯ ಮಗಳು, ಮೆಟ್ರಿಕ್ ಪಾಸಾದವಳು. ೧೯೬೨ನೆಯ ಇಸವಿ, ಮಾಘ ಮಾಸ. ಅಂದು ನಿಶ್ಚಯ.

"ಹುಬ್ಬಳ್ಳಿ-ಧಾರವಾಡ ಕೂಡಿ ಒಂದ ಊರು ಆಗತಾವಂತ," ಸಂಬಂಧ ಕೂಡಿಸಿದ ಚನ್ನಯ್ಯ ಎಲೆಗೆ ಸುಣ್ಣ ಸವರುತ್ತ ಹೇಳಿದ. "ಈ ಎರಡು ಮನಿ ಒಂದಾಗಾಕ ಏನ ಧಾಡಿ?"

ಎಲ್ಲರೂ ನಕ್ಕರು. ಉಡಿ ತುಂಬಲು ಮುತ್ತೈದೆಯರು ಎದ್ದರು.

ಗುರುಸಿದ್ಧವ್ವ ಹೊಸ ಇಳಕಲ್ ಸೀರೆಯ ಮಡಿಕೆ ಬಿಚ್ಚಿದಳು. ಗಂಜಿ ಹಾಕಿದ ಗಟ್ಟಿ ಸೀರೆ. ಅದನ್ನು ಭಾವಿ ಸೊಸೆಯ ಎಡ ಹೆಗಲ ಮೇಲೆ ಹೊದಿಸಿ, "ಬಂಗಾರದಂಥಾ ಹುಡುಗಿ" ಎಂದು ಪ್ರೀತಿಯಿಂದ ಅವಳ ಎಡಪಕ್ಕೆಯ ಉದ್ದಕ್ಕೂ ಕೈ ಒತ್ತಿ ಸವರಿದಳು.

ಶಿವಬಸವ್ವ ಕಿರುಚಿದಳು.

ಎಂಥ ಕೂಗು ಅದು! ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದವರೂ ಓಡಿ ಬಂದರು. ಅಷ್ಟರಲ್ಲಿ ಅವಳ ಕೈ ಅವಳ ಮಾತು ಕೇಳದೆ ಸೀರೆಯನ್ನು ಕಿತ್ತು ದೂರ ಎಸೆದಿತ್ತು. ಕೊಬ್ಬರಿ ಬಟ್ಟಲು, ಅಕ್ಕಿ, ಅಡಿಕೆ ಎಲ್ಲ ನೆಲದ ಪಾಲು. ಉಡಿಯ ಸೀರೆ ಬೀಗರ ಕಾಲ ಬಳಿ ಬಿದ್ದಿತ್ತು.



ಸೆರಗು ಜಾರಿದ್ದ ಅವಳ ಕೊರಳನ್ನು ಒಬ್ಬಾಕೆ ನೋಡಿದಳು, ಪಕ್ಕದವಳನ್ನು ತಿವಿದಳು. "ಕೊರಳಾಗ ಶಿವದಾರ ಇಲ್ಲಲ್ಲವಾ... ಲಿಂಗ ಎಲ್ಲೈತಿ?"

ಮೊದಲ ಆಘಾತವೇ ಇನ್ನೂ ಇಳಿದಿರಲಿಲ್ಲ, ಅದರ ಮೇಲೆ ಇದೊಂದು! ದೀಕ್ಷೆಯಲ್ಲಿ ಕಟ್ಟಿದ ಲಿಂಗ ಜೀವ ಇರುವವರೆಗೆ ಮೈ ಬಿಡಬಾರದು ಅನ್ನುವ ಮನೆತನಗಳು ಇವು. ನಿಶ್ಚಯದ ದಿನ ಹೆಣ್ಣಿನ ಕೊರಳು ಬರಿದು!

"ಯಾಕ ತಂಗಿ? ಏನಾತು?" ಗುರುಸಿದ್ಧವ್ವ ಕೇಳಿದಳು.

ಶಿವಬಸವ್ವ ಬಾಯಿ ತೆರೆದಳು. ಬಾಗಿಲಲ್ಲಿ ಅವ್ವ ಶರಣವ್ವ ನಿಂತಿದ್ದಳು, ಬೆರಳು ತುಟಿಯ ಮೇಲಿತ್ತು, ಕಣ್ಣುಗಳು ಬೇಡುತ್ತಿದ್ದವು.

"ಏನಿಲ್ರಿ..." ಎಂದಳು ಶಿವಬಸವ್ವ.

ಅವಳು ಆ ಹುಡುಗನ ಕಡೆ ನೋಡಿದಳು. ಅವನು ಈಗ ತೊಲೆ ಎಣಿಸುತ್ತಿರಲಿಲ್ಲ. ಮುಖದಲ್ಲಿ ರಕ್ತವೇ ಇಲ್ಲದವನ ಹಾಗೆ ಆ ಸೀರೆಯನ್ನು ನೋಡುತ್ತಿದ್ದ.

ಏನಿಲ್ಲವಂತೆ! ಏನಿತ್ತು ಅನ್ನುವುದನ್ನು ನಾನೇ ಹೇಳುತ್ತೇನೆ, ಕೇಳಿ.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬಂದ ಮರುದಿನವೇ ಅವಳ ಎಡಪಕ್ಕೆಯಲ್ಲಿ ಉರಿ ಶುರುವಾಗಿತ್ತು. ಆಮೇಲೆ ಬೆನ್ನಿನಿಂದ ಬಗಲ ಕೆಳಗೆ ಎದೆಯವರೆಗೆ ನೀರುಗುಳ್ಳೆಗಳ ಪಟ್ಟಿ ಎದ್ದಿತು. ನೋಡಿದ ಕೂಡಲೇ ಶರಣವ್ವ ಎದೆ ಬಡಿದುಕೊಂಡಳು. ಸರ್ಪಸುತ್ತು!

ಕುಂಬಾರ ಓಣಿಯ ಫಕೀರವ್ವ ಬಂದು ಕೆಮ್ಮಣ್ಣು ಕಲಸಿ ಗುಳ್ಳೆಗಳ ಸುತ್ತ ಗೆರೆ ಬರೆದಳು. "ಹೆಡಿ ಬಾಲ ಕೂಡಿದ್ರ ಮನಿಷಾ ಉಳಿಯೂದಿಲ್ಲ. ಕೂಡಗೊಡಬಾರದು," ಎಂದಳು. ಹೊಲದಲ್ಲಿ ಹಾವಿನ ಹಾದಿ ತುಳಿದಿದ್ದಾಳೆ, ಇದು ದೋಷ ಎಂದೂ ಸೇರಿಸಿದಳು. ಶಾಂತಯ್ಯ ಮಗಳನ್ನು ಧಾರವಾಡದ ದವಾಖಾನೆಗೂ ಕರೆದೊಯ್ದ. ಡಾಕ್ಟರು ಅದು ಹಾವೂ ಅಲ್ಲ, ದೋಷವೂ ಅಲ್ಲ, ನರದ ಬೇನೆ ಎಂದರು. "ಗುಳ್ಳಿ ಲಗೂ ಒಣಗತಾವ. ಆದರ ನರ ಸಾವಕಾಶ ಮಾಯತಾವ. ತಾಳ್ಮಿ ಇರಲಿ."

ಯಾರು ಕೇಳಬೇಕು ಅದನ್ನು? ಶರಣವ್ವನ ಕಿವಿಯಲ್ಲಿ ಉಳಿದದ್ದು ದೋಷ ಒಂದೇ. ಮಾತು ಹೊರಗೆ ಬಿದ್ದರೆ ಇವಳನ್ನೂ ಯಾರೂ ಮಾಡಿಕೊಳ್ಳುವುದಿಲ್ಲ, ಇವಳ ಬೆನ್ನಿಗಿರುವ ಕಿರಿಯ ಮಗಳನ್ನೂ ಮಾಡಿಕೊಳ್ಳುವುದಿಲ್ಲ. "ಸಾಯೂತನಕ ಬಾಯಿ ಬಿಡಬ್ಯಾಡ" ಎಂದು ಆಣೆ ಹಾಕಿಸಿದ್ದಳು.

ಗುಳ್ಳೆ ಒಣಗಿ ಹಕ್ಕಳೆ ಉದುರಿತು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಆದರೆ ಶಿವಬಸವ್ವನಿಗೆ ನೋವು ಅಲ್ಲಿಂದಲೇ ಶುರುವಾಗಿತ್ತು! ಸೆರಗು ತಾಗಿದರೆ ಸುಟ್ಟಂತೆ. ಕಿಟಕಿಯ ಗಾಳಿ ಬಂದರೆ ಸೂಜಿ ಚುಚ್ಚಿದಂತೆ. ಅಪ್ಪನ ಹಳೆಯ ಧೋತರ ಹರಿದು ಮೆತ್ತನೆಯ ಬಟ್ಟೆಯನ್ನು ಕುಪ್ಪಸದ ಒಳಗೆ ಇಟ್ಟುಕೊಂಡಳು. ಬಲಮಗ್ಗುಲಿಗೇ ಮಲಗುವುದು ಕಲಿತಳು. ಎದೆಯ ಮೇಲೆ ಲಿಂಗದ ಕರಡಿಗೆಯ ಭಾರವೂ ತಾಳದಾದಾಗ ಅಳುತ್ತಲೇ ಅದನ್ನು ಕೊರಳಿನಿಂದ ತೆಗೆದು ಬಲ ತೋಳಿಗೆ ಕಟ್ಟಿಕೊಂಡಳು, ಕುಪ್ಪಸದ ತೋಳಿನೊಳಗೆ.

"ಗಾಯ ಮಾಯ್ದಾವಲ್ಲ, ಇನ್ನೇನ ನೋವು?" ಎನ್ನುತ್ತಿದ್ದಳು ಅವ್ವ. "ಮನಸಿನ್ಯಾಗ ಹಿಡಕೊಂಡ ಕುಂತೀದಿ."

ಇರಬಹುದೇನೋ ಎಂದು ಶಿವಬಸವ್ವನಿಗೂ ಅನ್ನಿಸತೊಡಗಿತ್ತು. ನಿಶ್ಚಯದ ದಿನ ಗುರುಸಿದ್ಧವ್ವನ ಕೈ ಒತ್ತುವವರೆಗೆ.

ಅಮಾವಾಸ್ಯೆ ಕಳೆದ ಮರುದಿನ ಚನ್ನಯ್ಯ ಬಂದ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತ. ಎಲೆ ಅಡಿಕೆ ಮುಟ್ಟಲಿಲ್ಲ. ಬಾಗಿಲ ಹಿಂದೆ ಶಿವಬಸವ್ವ ಉಸಿರು ಹಿಡಿದು ನಿಂತಿದ್ದಳು.

"ಆ ಸಂಬಂಧ ಬಿಡ್ರಿ ಶಾಂತಯ್ಯನವರ. ಹುಡುಗ ಬ್ಯಾಡ ಅಂದಾನ. ಹುಡುಗಿ ತನಗ ಒಪ್ಪಿಗಿ ಆಗಲಿಲ್ಲ ಅಂತ ಊರಾಗೆಲ್ಲಾ ಅವನ ಹೇಳ್ಯಾನ."

ಶಿವಬಸವ್ವನ ಕಿವಿ ಗುಂಯ್‌ಗುಟ್ಟಿತು. 'ಒಪ್ಪಿಗೆ ಆಗಲಿಲ್ಲವಾ...? ಹಾಗಾದರೆ ಆ ನೋಟ? ಆ ಕೆಂಪು ಕಿವಿ?'

ಚನ್ನಯ್ಯ ದನಿ ತಗ್ಗಿಸಿದ. "ಇದು ಊರಿಗೆ ಹೇಳೂ ಮಾತು. ಖರೇ ಬ್ಯಾರೆ ಐತಿ. ಹುಡುಗಿ ಲಿಂಗ ಬಿಟ್ಟಾಳ, ಉಡಿ ಸೀರಿ ಒಗದಾಳ ಅಂತ ಅವರವ್ವ ಮಠದಾಗ ಹಿರಿಯರ ಮುಂದ ಎತ್ತಾಕ ಹೊಂಟಿದ್ಲು. ಅವನ ಅಡ್ಡ ನಿಂತ. ಏನಂದ ಗೊತ್ತೇನ್ರಿ? 'ಆಕಿಗೆ ಮನಸಿಲ್ಲ. ಒತ್ತಾಯಕ್ಕ ಕುಂತಿದ್ಲು ಪಾಪ. ತಪ್ಪು ನನ್ನ ಮ್ಯಾಲ ಇರಲಿ. ಆಕಿ ಹೆಸರು ಯಾರ ಬಾಯಾಗೂ ಬರಬಾರದು' ಅಂದ."



ಎಂಥ ಮನುಷ್ಯ ಇವನು! ಎಲ್ಲರೆದುರು ತನ್ನ ಮುಖಕ್ಕೆ ಸೀರೆ ಎಸೆದವಳು ಎಂದುಕೊಂಡೂ ಅವಳ ಮಾನ ಕಾಯಲು ಹೊರಟಿದ್ದಾನೆ!

ಚನ್ನಯ್ಯ ಹೋದ ಮೇಲೆ ಶರಣವ್ವ ಕಣ್ಣೊರೆಸಿಕೊಂಡು, "ಹೋದ್ರ ಹೋಗಲಿ. ಸರ್ಪದ ಮಾತು ಹೊರಗ ಬೀಳಲಿಲ್ಲಲ್ಲ, ಅಷ್ಟ ಸಾಕು," ಎಂದಳು.

ಸಾಕಂತೆ! ಶಿವಬಸವ್ವ ನೆಟ್ಟಗೆ ಹಿತ್ತಲಿಗೆ ಹೋದಳು. ಅಲ್ಲಿ ಮಾಳವ್ವ ಆಯಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಅಪ್ಪನ ತಾಯಿ. ಹಲ್ಲು ಹೋಗಿದ್ದರೂ ನಾಲಿಗೆ ಮಾತ್ರ ಭಾರಿ ಚೂಪು.

"ಆಯೀ, ಅವರು ನನಗ ಮನಸಿಲ್ಲ ಅಂತ ತಿಳಕೊಂಡಾರ."

"ಐತೇನು ಮತ್ತ?"

ಉತ್ತರವನ್ನು ಶಿವಬಸವ್ವನ ಕಣ್ಣೀರು ಕೊಟ್ಟಿತು.

ಆಯಿ ಶೇಂಗಾದ ಮೊರ ಪಕ್ಕಕ್ಕಿಟ್ಟಳು. "ನಡಿ. ಹುಬ್ಬಳ್ಳಿಗೆ ಮಠಕ್ಕ ಹೋಗಿ ಬರ್ತೇವಿ ಅಂತ ನಿಮ್ಮವ್ವಗ ಹೇಳ್ತೇನಿ. ಬೈರಿದೇವರಕೊಪ್ಪ ಹಾದಿಮ್ಯಾಲ ಐತಲ್ಲ, ಬಸ್ಸು ಅಲ್ಲೇ ನಿಂತ್ರ ನಾವೇನ ಮಾಡೂದು?"

ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಪ್ರತಿ ಕುಲುಕಿಗೂ ಶಿವಬಸವ್ವನ ಕಣ್ಣ ಮುಂದೆ ಕತ್ತಲೆ ಬರುತ್ತಿತ್ತು. ಆಯಿ ಅವಳ ಎಡಕ್ಕೆ ಗೋಡೆಯಂತೆ ನಿಂತು ಎರಡೂ ಮೊಳಕೈ ಹೊರಗೆ ಚಾಚಿದ್ದಳು.

"ಈ ಕಡಿ ಸರೀಬ್ಯಾಡ್ರಪಾ. ಹುಡುಗಿ ಬಗಲಾಗ ಹಾಲಿನ ಗಡಗಿ ಐತಿ."

"ಎಲ್ಲಿ ಆಯೀ? ಕಾಣವಲ್ದು."

"ಕಾಣೂ ಹಂಗಿದ್ರ ನಿನಗ ಯಾಕ ಹೇಳ್ತಿದ್ದೆ? ಸರಿ ಆಕಡಿ."

ಮಹಾಂತಯ್ಯನ ಮನೆಯ ಅಂಗಳದಲ್ಲಿ ಹೊಸ ಹತ್ತಿಯ ರಾಶಿ ಬಿದ್ದಿತ್ತು. ಅವನು ತಲೆತುಂಬ ಅರಳೆ ಅಂಟಿಸಿಕೊಂಡು ಒಂದು ಹಿಡಿ ಹತ್ತಿಯ ಎಳೆ ಎಳೆದು ನೋಡುತ್ತಿದ್ದ. ತಲೆಬಾಗಿಲಲ್ಲಿ ನಿಂತವಳನ್ನು ನೋಡಿದ. ಹತ್ತಿ ಕೈಯಿಂದ ಬಿತ್ತು.

"ನೀವು...?"

"ಹೂಂನ್ರಿ. ನಾನ."

ಮುರಿದ ಸಂಬಂಧದ ಹುಡುಗಿ ಹಾಡುಹಗಲೇ ಗಂಡಿನ ಮನೆಯ ಅಂಗಳಕ್ಕೆ ಬಂದು ನಿಲ್ಲುವುದೆಂದರೆ! ಹತ್ತಿ ಆರಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಅವನು ಕಣ್ಸನ್ನೆಯಿಂದಲೇ ಅವರನ್ನು ಹೊರಗೆ ಕಳಿಸಿದ.

ಹಾದಿಯುದ್ದಕ್ಕೂ ಶಿವಬಸವ್ವ ಕೂಡಿಸಿಕೊಂಡ ಮಾತೆಲ್ಲ ಎಲ್ಲಿ ಹೋದವೋ.

"ನಾ ಸೀರಿ ಒಗದದ್ದು... ನಿಮ್ಮನ್ನ ಒಲ್ಲೆ ಅಂತ ಅಲ್ಲ್ರಿ."

"ಮತ್ತ?"

"ಸುಟ್ಟಂಗ ಆತ್ರಿ. ಎಳ್ಳಮಾಸಿ ಆದಮ್ಯಾಲ ನನಗ ಸರ್ಪಸುತ್ತು ಆಗಿತ್ತು. ಮ್ಯಾಲಿನ ಗಾಯ ಮಾಯ್ದಾವು. ಒಳಗಿಂದು ಮಾಯ್ದಿಲ್ಲ."

ಒಳಗಿನಿಂದ ಬಂದ ಗುರುಸಿದ್ಧವ್ವನ ಕಿವಿಗೆ ಆ ಶಬ್ದ ಬಿದ್ದೇ ಬಿಟ್ಟಿತು.

"ಸರ್ಪಸುತ್ತು?" ಆಕೆ ಒಂದು ಹೆಜ್ಜೆ ಹಿಂದೆ ಸರಿದಳು. "ಶಿವ ಶಿವಾ... ದೋಷ ಇದ್ದ ಹುಡುಗೀನ್ನ ಮುಚ್ಚಿಟ್ಟು ನಮ್ಮ ಮನಿಗೆ ಕಟ್ಟಾಕ ಹೊಂಟಿದ್ರೇನು? ಅದಕ್ಕ ಲಿಂಗಾನೂ ತಗದಿಟ್ಟೀಯೇನು?"

ಶಿವಬಸವ್ವ ಬಲಗೈ ಮುಂದೆ ಚಾಚಿ ಕುಪ್ಪಸದ ತೋಳು ಸರಿಸಿದಳು. ಕರಡಿಗೆ ಅಲ್ಲಿತ್ತು. ದಾರ ಬಿಗಿದ ಕಡೆ ಚರ್ಮ ಕಪ್ಪಾಗಿತ್ತು.

"ಕೊರಳಾಗ ತಾಳವಲ್ದಾತ್ರಿ. ಬಿಟ್ಟಿಲ್ಲ."

ಗುರುಸಿದ್ಧವ್ವ ಬಗ್ಗಿ ಆ ಕರಡಿಗೆಯನ್ನು ನೋಡಿದಳು.

"ಇನ್ನೊಂದು ಮಾತು ಹೇಳಿ ಹೋಗ್ತೇನ್ರಿ." ಶಿವಬಸವ್ವ ಈಗ ಅವನನ್ನೇ ನೋಡುತ್ತಿದ್ದಳು. "ಈ ನೋವು ಯಾವಾಗ ಹೋಗತೈತಿ ಅಂತ ಡಾಕ್ಟರಿಗೂ ಗೊತ್ತಿಲ್ಲ. ವರ್ಷಾನೂ ಹಿಡೀಬಹುದಂತ. ನನ್ನ ಸೆರಗು ನನಗ ತಾಳೂದಿಲ್ಲ. ಇಂಥಾಕಿನ್ನ ಮಾಡಿಕೊಳ್ರಿ ಅಂತ ಕೇಳಾಕ ಬಂದಿಲ್ಲ. ನನಗ ಮನಸಿರಲಿಲ್ಲ ಅಂತ ನೀವು ತಿಳಕೊಂಡಿರಬಾರದು... ಅಷ್ಟಕ್ಕ ಬಂದೆ."

ಆಯಿಯ ಕಡೆ ತಿರುಗಿದಳು. ಆಯಿತು, ಮುಗಿಯಿತು. ಇನ್ನು ಅವನು ಒಂದು ಒಳ್ಳೆಯ ಮಾತು ಹೇಳಿ ಕಳಿಸುತ್ತಾನೆ ಎಂದುಕೊಂಡಳು.

"ಈಗ ನೋವು ಐತೇನು?" ಎಂದ ಮಹಾಂತಯ್ಯ.

ಅವಳು ನಿಂತುಬಿಟ್ಟಳು.

ಹಕ್ಕಳೆ ಉದುರಿದಂದಿನಿಂದ ಯಾರೂ ಕೇಳಿರಲಿಲ್ಲ. ಅಪ್ಪ ಕೇಳಿರಲಿಲ್ಲ, ಅವ್ವ ಕೇಳಿರಲಿಲ್ಲ. ತಾನೇ ತನ್ನನ್ನು ಕೇಳಿಕೊಳ್ಳುವುದನ್ನು ಬಿಟ್ಟಿದ್ದಳು. ಹೌದೆಂದು ತಲೆ ಆಡಿಸಿದಳು. ಆಮೇಲೆ ಆ ಮೂವರೆದುರೇ ಬಿಕ್ಕಿ ಬಿಕ್ಕಿ ಅತ್ತಳು.

"ಅವ್ವಾ, ಒಂದು ಮಣಿ ಹಾಕು. ಬಸ್ಸಿನ್ಯಾಗ ನಿಂತು ಬಂದಾಳ ಆಕಿ."

"ಮಹಾಂತಾ, ಇರಾಂವ ನೀ ಒಬ್ಬ ಮಗ..." ಗುರುಸಿದ್ಧವ್ವ ಸೆರಗಿನ ತುದಿ ಹಿಂಡುತ್ತಿದ್ದಳು. "ನಾಳೆ ನಿನಗೇನರ ಆದ್ರ?"

"ನಾಳೆ ನನಗ ಈ ಬ್ಯಾನಿ ಬಂದ್ರ ಹೊರಗ ಹಾಕ್ತಿಯೇನು ನನ್ನ?"

"ಏನ ಮಾತಂತ ಆಡ್ತಿ?"

"ಮತ್ತ ಆಕಿನ್ನ ಯಾಕ ಹೊರಗ ನಿಲ್ಲಿಸೀದಿ?"

ಗುರುಸಿದ್ಧವ್ವ ತನ್ನ ಬಲ ಅಂಗೈಯನ್ನು ನೋಡಿಕೊಂಡಳು. ಅವಳಿಗೆ ಏನೋ ನೆನಪಾದಂತಿತ್ತು. ಮುಖ ಬಿಳಚಿತು.

"ಯವ್ವಾ... ನಾ ಅದರ ಮ್ಯಾಲ ಕೈ ಒತ್ತಿ ಸವರಿದ್ನಲ್ಲ," ಎಂದಳು ಮೆಲ್ಲಗೆ. ಆಮೇಲೆ ತಾನೇ ಒಳಗೆ ಹೋಗಿ ಮಣೆ ತಂದು ಹಾಕಿದಳು.

"ಮುಚ್ಚಿಟ್ಟದ್ದು ನಮ್ಮ ತಪ್ಪು ಗುರುಸಿದ್ಧವ್ವ," ಎಂದಳು ಆಯಿ, ಮೊದಲು ತಾನೇ ಮಣೆಯ ಮೇಲೆ ಕುಳಿತು. "ಈಗ ಇನ್ನೊಂದು ಮಣಿ ತಾ. ಇದು ಹುಡುಗಿಗೆ ಅಂತ ಗೊತ್ತೈತಿ, ಆದರ ನನ್ನ ಮೊಳಕಾಲು ಕೇಳವಲ್ದು."

ಭಯ ಒಂದೇ ದಿನಕ್ಕೆ ಹೋಗುತ್ತದೆಯೇ? ಇಲ್ಲ. ಮಹಾಂತಯ್ಯ ತಾಯಿಯನ್ನು ಧಾರವಾಡದ ಅದೇ ಡಾಕ್ಟರ ಬಳಿ ಕರೆದೊಯ್ದ. ಆಕೆ ಕೇಳಿದ್ದನ್ನೇ ತಿರುಗಿಸಿ ತಿರುಗಿಸಿ ಕೇಳಿದಳು. ಡಾಕ್ಟರಿಗೇ ಸಾಕಾಗಿ ಹೋಯಿತು. ಹೊರಗೆ ಬಂದವಳು, "ಅದು ಹಾವಲ್ಲಂತ," ಎಂದು ತನಗೆ ತಾನೇ ಹೇಳಿಕೊಂಡಳು.

ವೈಶಾಖದಲ್ಲಿ ಮದುವೆಯಾಯಿತು. ಅಕ್ಷತೆ ಬೀಸಬೇಡಿ, ಕಾಲ ಬಳಿ ಹಾಕಿ ಎಂದು ಮದುಮಗನೇ ಕೈ ಮುಗಿದು ಹೇಳಿದ. ಹೂವಿನ ಹಾರವನ್ನು ಶಿವಬಸವ್ವ ಕೊರಳಿಗೆ ಹಾಕಿಕೊಳ್ಳದೆ ಕೈಯಲ್ಲಿ ಹಿಡಿದಳು. ಇದೆಂಥ ಮದುವೆ ಎಂದು ಬೀಗರು ಬಾಯಿಗೆ ಬಂದದ್ದು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ.

ಆದರೆ ಮದುವೆಯಾದ ಮಾತ್ರಕ್ಕೆ ನೋವು ಓಡಿಹೋಗಲಿಲ್ಲ. ಅದು ತನ್ನ ಮನೆಯೇ ಎಂಬಂತೆ ಕೂತಿತ್ತು. ಮೋಡ ಕವಿದ ದಿನ ಹೆಚ್ಚು, ಬಿಸಿಲಿದ್ದ ದಿನ ಕಡಿಮೆ. ಒಂದು ವಾರ ಹಗುರಾಯಿತು ಎಂದು ಹಿಗ್ಗಿದರೆ ಮುಂದಿನ ವಾರ ಎಲ್ಲ ಮೊದಲಿನಂತೆ. ಒಮ್ಮೆ ಸಿಟ್ಟಿಗೆ ತಂಬಿಗೆಯನ್ನೇ ಎಸೆದಳು. ಅವನು ಅದನ್ನು ಎತ್ತಿ ನೀರು ತುಂಬಿ ಮತ್ತೆ ತಂದಿಟ್ಟ.

"ಬೈರಿ ನನಗ. ನೀವು ಬೈಯ್ಲಿಲ್ಲ ಅಂದ್ರ ಇನ್ನೂ ಸಂಕಟ ಆಗತೈತಿ."

"ತಂಬಿಗಿ ನೆಗ್ಗಿತು. ನಮ್ಮವ್ವ ನೋಡಿದ್ರ ಬೈತಾಳ. ಅಲ್ಲಿಗೆ ಲೆಕ್ಕ ಸರಿ."

ಅತ್ತೆ ಬೈಯಲಿಲ್ಲ. ತನ್ನ ಒಗೆದು ಒಗೆದು ಮೆತ್ತಗಾದ ಸೀರೆಗಳನ್ನು ಸೊಸೆಗೆ ಉಡಲು ಕೊಟ್ಟಳು. ಹೊಸ ಸೊಸೆ ಹಳೆ ಸೀರೆ ಉಟ್ಟಿದ್ದಾಳೆ ಎಂದವರ ಬಾಯಿ ತಾನೇ ಮುಚ್ಚಿಸಿದಳು.

ದಿನಾ ಬೆಳಗ್ಗೆ ಅವನು ಕೇಳುತ್ತಿದ್ದ, "ಇವತ್ತು ಹೆಂಗೈತಿ?" ಅವಳು ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದಳು. ಅವನು ಎಂದೂ ಅವಳ ಎಡಕ್ಕೆ ಬರುತ್ತಿರಲಿಲ್ಲ. ಕುಳಿತರೆ ಬಲಕ್ಕೆ, ನಡೆದರೆ ಬಲಕ್ಕೆ, ಮಲಗಿದರೆ ಕೋಣೆಯ ಆ ತುದಿಯಲ್ಲಿ. ಕೈಗೆ ಲೋಟ ಕೊಡುವಾಗಲೂ ಬೆರಳು ತಾಗದಂತೆ ಕೊಡುತ್ತಿದ್ದ.

ಮಳೆಗಾಲ ಕಳೆಯಿತು. ನವರಾತ್ರಿ ಬಂತು. ನಡುವೆ ಒಂದು ದಿನ ಸೆರಗು ಸರಿಪಡಿಸಿಕೊಳ್ಳುತ್ತಿದ್ದ ಶಿವಬಸವ್ವ ಬೆಚ್ಚಿ ನಿಂತಳು. ಬಟ್ಟೆ ಪಕ್ಕೆಗೆ ತಾಗಿತ್ತು... ಅವಳು ಹಲ್ಲು ಕಚ್ಚಿರಲಿಲ್ಲ! ಉರಿ ಇತ್ತು. ಆದರೆ ತಾಳಬಹುದಾದಷ್ಟು.

ಯಾರಿಗೂ ಹೇಳಲಿಲ್ಲ. ಎಲ್ಲಿ ಹೇಳಿದರೆ ಮತ್ತೆ ಬರುತ್ತದೋ ಎಂಬ ಭಯ. ಆದರೆ ನೋವು ತಗ್ಗಿದಷ್ಟೂ ಇನ್ನೊಂದು ಸಂಗತಿ ಕಾಣತೊಡಗಿತು. ಅವನು ಆ ದೂರಕ್ಕೆ ಪೂರ್ತಿ ಒಗ್ಗಿಹೋಗಿದ್ದ.

'ಅಂಜಿಕೆಯೋ... ಇಲ್ಲಾ ಬೇಸರವೋ? ಕೇಳಲಿ ಹ್ಯಾಗೆ?'

ಬಾಯಿ ಬಿಡದೆ ಸುಮ್ಮನಿದ್ದು ಒಮ್ಮೆ ಎಲ್ಲ ಕಳೆದುಕೊಳ್ಳುವವಳಿದ್ದಳು. ಇನ್ನೊಮ್ಮೆ ಆ ತಪ್ಪು ಬೇಡ ಎಂದು ನಿರ್ಧರಿಸಿದಳು.

ಮರುದಿನ ಬೆಳಗ್ಗೆ ಅವನು ಹುಬ್ಬಳ್ಳಿ ಪೇಟೆಗೆ ಹೊರಟು ರುಮಾಲು ಸುತ್ತುತ್ತಿದ್ದ.

"ಇವತ್ತು ಹೆಂಗೈತಿ?"

"ಇಲ್ಲಿ ಬರ್ರಿ, ಹೇಳ್ತೇನಿ."

ಅವನು ಬಂದು ಎಂದಿನಂತೆ ಬಲಕ್ಕೆ ನಿಂತ.

"ಅಲ್ಲಲ್ಲ. ಈ ಕಡಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ರುಮಾಲು ಸುತ್ತುತ್ತಿದ್ದ ಕೈ ಅಲ್ಲೇ ನಿಂತಿತು. ಅರ್ಧ ಸುತ್ತಿದ ರುಮಾಲು ಹೆಗಲ ಮೇಲೆ ಇಳಿಬಿತ್ತು.

"ನೋವು ಹೋತೇನು?"

"ಇಲ್ಲ. ಐತಿ."

"ಮತ್ತ ಯಾಕ?"

"ಅದು ಹೋಗೂ ಹಾದಿ ಕಾಯ್ಕೋತ ಕುಂತ್ರ ನಾವಿಬ್ಬರೂ ಮುದುಕರ ಆಗತೇವಿ." ಅವಳ ದನಿ ಒಡೆಯಿತು. "ನೀವು ದೂರ ನಿಂತಿದ್ದು ನನಗ ತಂಪು ಇತ್ತು, ಖರೇ. ಆದರ ಈಗ ಅದನ್ನ ತಾಳಾಕ ಆಗವಲ್ದು. ಕೈ ಇಡ್ರಿ."

ಮಹಾಂತಯ್ಯ ಎಡಕ್ಕೆ ಬಂದ. ಮೂಟೆ ಮೂಟೆ ಹತ್ತಿ ಎತ್ತುವ ಆ ಅಂಗೈಯನ್ನು ಅವಳ ಪಕ್ಕೆಯ ಮೇಲೆ ಇಟ್ಟೂ ಇಡದಂತೆ ಇಟ್ಟ. ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಉಸಿರು ಒಮ್ಮೆ ನಿಂತು ಮತ್ತೆ ಬಂತು.

"ಸುಡತೈತೇನು?"

"ಹೂಂ... ಸ್ವಲ್ಪ."

"ತಗೀಲೇನು?"

ಶಿವಬಸವ್ವ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ತಗದ್ರ ನೋಡ್ರಿ ಮತ್ತ."